ರೊಟ್ಟಿ ಮುರಿಯದ ಟಾಯರು

ಗಾಡಿ ಎಷ್ಟು ಎತ್ತರ ಏರಿತ್ತು ಎಂಬ ಬಗ್ಗೆ ನಮ್ಮ ಮನೆಯಲ್ಲಿ ಮೂರು ಅಭಿಪ್ರಾಯಗಳಿವೆ. ಮಾಮಾ, ಅಂದರೆ ಅಕ್ಕನ ಗಂಡ, ಎರಡು ಬೆರಳು ಎನ್ನುತ್ತಾರೆ. ಅಕ್ಕ ಒಂದು ಗೇಣು ಎನ್ನುತ್ತಾಳೆ. ನಾನು ಟೇಪು ಹಿಡಿದು ಅಳೆದು, ಮೂರು ಬೆರಳು ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಟೇಪು ಹಿಡಿದವಳು ಬೆರಳಿನ ಲೆಕ್ಕದಲ್ಲಿ ಯಾಕೆ ಬರೆದೆ ಎಂಬುದು ಈಗ ನನಗೇ ತಿಳಿಯುತ್ತಿಲ್ಲ. ಟೇಪಿನ ತುದಿ ಕಿತ್ತುಹೋಗಿ ಮೊದಲಿನ ಅಂಕಿಗಳು ಅಳಿಸಿದ್ದಿರಬೇಕು. ಅಥವಾ ಟೇಪೇ ಇರಲಿಲ್ಲವೋ ಏನೋ. ದಿನಚರಿ ಬರೆಯುವುದು ಸಂಜೆ, ಘಟನೆ ನಡೆಯುವುದು ಬೆಳಿಗ್ಗೆ. ನಡುವಿನ ಹೊತ್ತಿನಲ್ಲಿ ನಾನು ಎಲ್ಲವನ್ನೂ ಸ್ವಲ್ಪ ತಿದ್ದಿಬಿಡುತ್ತೇನೆ ಎಂಬ ಅನುಮಾನ ನನಗೆ ಯಾವಾಗಲೂ ಇದೆ.

ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಅಕ್ಕನ ಮನೆ ಸಂಪಗಾಂವದಲ್ಲಿ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಅಲ್ಲಿಗೆ ಹೋದರೆ ಸೋಮವಾರ ಬೆಳಿಗ್ಗೆ ಮರಳುತ್ತೇನೆ. ಮಾಮಾನದು ಒಂದು ಪಿಕಪ್ ಗಾಡಿ. ದೊಡವಾಡ, ನೇಸರಗಿ ಕಡೆಯ ಹೊಲಗಳಿಂದ ಉಳ್ಳಾಗಡ್ಡಿ, ಹತ್ತಿ, ಸೋಯಾ ಹೇರಿಕೊಂಡು ಪೇಟೆಗೆ ತರುವುದು ಅವರ ಕೆಲಸ. ಎರೆ ಹೊಲದ ದಾರಿ ಹೇಗಿರುತ್ತದೆಂದರೆ, ಟ್ರ್ಯಾಕ್ಟರಿನ ಗಾಲಿಗಳು ಎರಡೂ ಬದಿಗೆ ಆಳವಾಗಿ ಕೊರೆದು ನಡುವೆ ಒಂದು ದಿಬ್ಬ ಉಳಿಯುತ್ತದೆ. ಆ ದಿಬ್ಬಕ್ಕೆ ಗಾಡಿಯ ಹೊಟ್ಟೆ ಉಜ್ಜುತ್ತಿತ್ತು. ಮಾಮಾ ಒಂದು ದಿನ ಬೈಲಹೊಂಗಲದ ಗ್ಯಾರೇಜಿಗೆ ಹೋಗಿ ಹಿಂದಿನ ಪಾಟಾದಲ್ಲಿ, ಅಂದರೆ ಒಂದರ ಕೆಳಗೊಂದು ಜೋಡಿಸಿದ ಕಬ್ಬಿಣದ ಪಟ್ಟಿಗಳ ಕಮಾನಿನಲ್ಲಿ, ಇನ್ನೂ ಒಂದು ಪಟ್ಟಿ ಸೇರಿಸಿ, ಮುಂದೆಯೂ ಏನೋ ಕೂಡಿಸಿ, ಗಾಡಿಯನ್ನು ಎತ್ತರಿಸಿಕೊಂಡು ಬಂದರು.

ಹೊಟ್ಟೆ ಉಜ್ಜುವುದು ನಿಂತಿತು. ಬೇರೆ ಎರಡು ತೊಂದರೆಗಳು ಶುರುವಾದವು.

ಮೊದಲನೆಯದು ನೋಟದ ತೊಂದರೆ. ಗಾಡಿ ಏರಿತು, ಗಾಲಿಗಳು ಮಾತ್ರ ಇದ್ದಷ್ಟೇ ಉಳಿದವು. ಪೇಟೆಯ ಹಮಾಲರೊಬ್ಬರು ದೂರದಿಂದಲೇ ಕೂಗಿದರು: "ಏನ್ರಿ ಮಾಲಕರ, ನಿಮ್ಮ ಗಾಡಿ ಧೋತರ ಎತ್ತಿ ಹಳ್ಳ ದಾಟಾಕತ್ತೈತಲ್ಲ!" ಅಂದಿನಿಂದ ಮಾಮಾ ಗಾಡಿಯನ್ನು ಅಡ್ಡಲಾಗಿ ನಿಲ್ಲಿಸುವುದನ್ನೇ ಬಿಟ್ಟರು. ಮುಂದಿನಿಂದಲೋ ಹಿಂದಿನಿಂದಲೋ ಮಾತ್ರ ಕಾಣುವಂತೆ ನಿಲ್ಲಿಸುತ್ತಿದ್ದರು.

ಎರಡನೆಯದು ದೊಡ್ಡ ತೊಂದರೆ. ಹೆಚ್ಚಿನ ಪಟ್ಟಿಯಿಂದ ಗಾಡಿ ಬಿರುಸಾಯಿತು. ಉಳ್ಳಾಗಡ್ಡಿ ಹೇರಿದಾಗ ಸುಮ್ಮನಿರುತ್ತಿತ್ತು. ಹಗುರ ಸಾಮಾನು ಇಟ್ಟರೆ ಹುರಿಯುವ ಕಡಲೆಯಂತೆ ಸಿಡಿಸುತ್ತಿತ್ತು. ಇದು ಗೊತ್ತಾದದ್ದು ಅಕ್ಕನ ಮಗಳ ಮದುವೆಯಲ್ಲಿ. ಹುಡುಗಿಯನ್ನು ರಾಮದುರ್ಗಕ್ಕೆ ಕೊಟ್ಟಿದ್ದೇವೆ. ಮದುವೆ ಮುಗಿದು ಮಗಳನ್ನು ಕಳಿಸುವಾಗ ಅಕ್ಕ ತಾನೇ ಬಡಿದ ಖಡಕ್ ರೊಟ್ಟಿಗಳ ಬುಟ್ಟಿಯನ್ನು ಗಾಡಿಯ ಹಿಂದೆ ಇಡಿಸಿದ್ದಳು. ಖಡಕ್ ರೊಟ್ಟಿ ಎಂದರೆ ತೆಳ್ಳಗೆ ಬಡಿದು, ಬೇಯಿಸಿ, ಗರಿಗರಿಯಾಗುವವರೆಗೆ ಒಣಗಿಸಿದ್ದು. ಬೆರಳು ತಾಗಿದರೆ ಸಾಕು, ಸಪ್ಪಳ ಮಾಡುತ್ತದೆ. ಅಕ್ಕನ ರೊಟ್ಟಿ ಇಡೀ ಓಣಿಯಲ್ಲೇ ತೆಳುವು. ರಾಮದುರ್ಗದಲ್ಲಿ ಬೀಗತಿ, ಅಂದರೆ ಮಗಳ ಅತ್ತೆ, ಬುಟ್ಟಿಯ ಬಟ್ಟೆ ಸರಿಸಿ ನೋಡಿ, ಓಣಿಗೆಲ್ಲ ಕೇಳುವಂತೆ ಅಂದರಂತೆ: "ಯವ್ವಾ, ತವರಿಂದ ರೊಟ್ಟಿ ಬಂದಾವೋ, ಹಪ್ಪಳದ ಚೂರು ಬಂದಾವೋ? ಚಮಚೆ ತಗೊಂಡ ಬರ್ರೆ, ತಿನ್ನೂಣು!"

"ಅಂದರಂತೆ" ಎಂದೆ, ಯಾಕೆಂದರೆ ನಾನು ಅಲ್ಲಿರಲಿಲ್ಲ. ಆದರೆ ಅಕ್ಕ ಈ ಮಾತನ್ನು ಬೀಗತಿಯ ದನಿಯಲ್ಲೇ ಎಷ್ಟು ಸಲ ಹೇಳಿದ್ದಾಳೆಂದರೆ, ಈಗ ನನಗೆ ಆ ಬಾಗಿಲು, ಆ ಬುಟ್ಟಿ, ಬೀಗತಿಯ ಮೂಗುತಿಯ ಹೊಳಪು ಎಲ್ಲವೂ ಕಣ್ಣಾರೆ ಕಂಡಂತೆ ನೆನಪಿವೆ.

ಹೀಗೆ ವರ್ಷ ಕಳೆಯಿತು. ಮಗಳು ಬಸುರಿಯಾದಳು. ತವರಿನವರು ಬಯಕೆ ಬುತ್ತಿ ಒಯ್ಯಬೇಕು: ಬಸುರಿ ಬಯಸಿದ್ದನ್ನೆಲ್ಲ ಕಟ್ಟಿಕೊಂಡು, ಹೆಂಗಸರೆಲ್ಲ ಗಾಡಿ ಹತ್ತಿ, ಹಾಡು ಹೇಳುತ್ತಾ ಬೀಗರ ಮನೆಗೆ ಹೋಗುವುದು. ಮಗಳು ಫೋನಿನಲ್ಲಿ ಬಯಸಿದ್ದು ಒಂದೇ: "ಅವ್ವಾ, ನಿನ್ನ ಕೈಯಾಗಿನ ಖಡಕ್ ರೊಟ್ಟಿ."

ಫೋನಿಟ್ಟು ಅಕ್ಕ ಮಾಮಾನನ್ನು ನೋಡಿದಳು. "ಕೇಳ್ರಿಲ್ಲೆ. ಈ ಸಲ ಬುಟ್ಟ್ಯಾಗ ಒಂದ ರೊಟ್ಟಿ ಮುರದ್ರೂ ನಾ ಆ ಮನಿ ಹೊಸ್ತಲಾ ತುಳಿಯಾಂಗಿಲ್ಲ. ಗಾಡ್ಯಾಗ ಕುಂತಲ್ಲೇ ತಿರಗಿ ಬರತೇನಿ."

ಮಾಮಾ ಇದಕ್ಕಾಗಿ ಕಾಯುತ್ತಿದ್ದವರಂತೆ ಹೇಳಿದರು: "ಅದಕ್ಕ ನಾ ಅಂದಿದ್ದು, ಟಾಯರ್ ದೊಡ್ಡವು ಹಾಕಸೂಣು ಅಂತ. ದೊಡ್ಡ ಟಾಯರ್ ಅಂದ್ರ ಗಾದಿ ಇದ್ದಂಗ."

"ಪಾಟಾ ಹಾಕಸೂ ಮುಂದನೂ ಹಿಂಗ ಅಂದಿದ್ರಿ."

"ಅದು ಹೊಲಕ್ಕ. ಇದು ಬೀಗರಿಗೆ."

ಪಾಟಾ ತೆಗೆಸಿಬಿಡಬಹುದಲ್ಲ ಎಂದು ನಾನು ಕೇಳಿದೆ. ಇಬ್ಬರೂ ನನ್ನ ಕಡೆ ತಿರುಗಿ, ಮನೆ ಸೋರುತ್ತದೆ ಎಂದರೆ ಮನೆಯನ್ನೇ ಕೆಡವಲು ಹೇಳಿದವಳನ್ನು ನೋಡುವಂತೆ ನೋಡಿದರು. ಸುಗ್ಗಿ ಮುಂದೆಯೇ ಇತ್ತು.

ಆ ರವಿವಾರ ಲೆಕ್ಕದ ಕೆಲಸ ನನಗೆ ಬಂತು. "ನೀ ಎಂ.ಎ. ಮಾಡೀಯಲ್ಲ, ಟಾಯರ್ ಮ್ಯಾಲಿಂದ ಓದಿ ಹೇಳು" ಎಂದರು ಮಾಮಾ. ಎಂ.ಎ.ಯಲ್ಲಿ ನಾನು ಓದಿದ್ದು ಹಳೆಯ ಶಾಸನಗಳನ್ನು. ಟಾಯರಿನ ಬದಿಯ ಬರಹವೂ ಒಂದು ಬಗೆಯ ಶಾಸನವೇ: ಮೊದಲನೆಯ ಅಂಕಿ ಅಗಲ, ಎರಡನೆಯದು ಬದಿಯ ರಬ್ಬರಿನ ಎತ್ತರ, ಮೂರನೆಯದು ಒಳಗಿನ ರಿಮ್ಮಿನ ಅಳತೆ. ಬದಿ ಎತ್ತರವಿದ್ದಷ್ಟೂ ನಡುವೆ ಗಾಳಿ ಹೆಚ್ಚು, ಕುಲುಕಾಟ ಕಡಿಮೆ. ಆದರೆ ತೀರ ದೊಡ್ಡದಾದರೆ ಮಡಗಾರ್ಡಿಗೆ ತಾಗುತ್ತದೆ. ಇಷ್ಟನ್ನು ನಾನು ಫೋನಿನಲ್ಲಿ ನೋಡಿ ತಿಳಿದುಕೊಂಡೆ. ಇನ್ನೊಂದನ್ನೂ ಹೇಳಿದೆ: ದೊಡ್ಡ ಟಾಯರು ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಹಾಗಾಗಿ ಮೀಟರು ನಿಜಕ್ಕಿಂತ ಕಡಿಮೆ ಕಿಲೋಮೀಟರು ತೋರಿಸುತ್ತದೆ.

ಮಾಮಾನ ಮುಖ ಅರಳಿತು. "ಅಂದ್ರ ರಾಮದುರ್ಗ ಈಗಿನಕಿಂತ ಹತ್ರ ಆಕ್ಕೈತಿ ಅಂದಂಗಾತು!"

"ಹತ್ರ ಬರೂದೇನ ಬ್ಯಾಡ" ಎಂದಳು ಅಕ್ಕ. "ಎಲ್ಲೈತಿ ಅಲ್ಲೇ ಇರ್ಲಿ."

ಬೈಲಹೊಂಗಲದ ಅಂಗಡಿಗಳಲ್ಲಿ ನಮಗೆ ಬೇಕಾದ ಅಳತೆ ಇರಲಿಲ್ಲ. ಕಿತ್ತೂರಿನ ಹೆದ್ದಾರಿಯ ಪಕ್ಕದ ಒಂದು ಅಂಗಡಿಯಲ್ಲಿ ಸಿಗುತ್ತದೆ, ಹಾಕಿಕೊಂಡು ಓಡಿಸಿ ನೋಡಲೂ ಬಿಡುತ್ತಾರೆ ಎಂದು ಯಾರೋ ಹೇಳಿದರು. ಮುಂದಿನ ರವಿವಾರ ಮೂವರೂ ಹೊರಟೆವು. ಅಕ್ಕನ ಮಡಿಲಲ್ಲಿ ಒಂದು ಸ್ಟೀಲಿನ ಡಬ್ಬಿ, ಡಬ್ಬಿಯಲ್ಲಿ ಖಡಕ್ ರೊಟ್ಟಿ, ಡಬ್ಬಿಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ನಾದಿದ ಜೋಳದ ಹಿಟ್ಟಿನ ಮುದ್ದೆ. ಹಿಟ್ಟು ನನ್ನ ಉಪಾಯ. ಗಾಲಿಯ ಮೇಲಿನ ಮಡಗಾರ್ಡಿನ ಒಳಮೈಗೆ ಹಿಟ್ಟು ಮೆತ್ತಿ ಗಾಡಿ ಓಡಿಸಿದರೆ, ಟಾಯರು ತಾಗಿದಲ್ಲಿ ಹಿಟ್ಟು ಅಳಿಸಿಹೋಗುತ್ತದೆ, ತಾಗದಿದ್ದಲ್ಲಿ ಉಳಿಯುತ್ತದೆ. ಈ ಉಪಾಯದ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು.

ಅಂಗಡಿಯ ಸಾಹೇಬರು ದಪ್ಪ ಮೈಯ, ನಗುಮುಖದ ಮನುಷ್ಯ. ಮೂರು ನಮೂನೆಯ ಟಾಯರುಗಳನ್ನು ಉರುಳಿಸಿ ತಂದು ಗೋಡೆಗೆ ಆನಿಸಿದರು. ಒಂದು ಈಗಿದ್ದ ಅಳತೆಯದು. ಒಂದು ಅದಕ್ಕಿಂತ ಸ್ವಲ್ಪ ದೊಡ್ಡದು. ಮೂರನೆಯದು ಮಾಮಾನ ಕಣ್ಣು ಮೊದಲ ನೋಟಕ್ಕೇ ನೆಟ್ಟದ್ದು: ಮೊಸಳೆಯ ಬೆನ್ನಿನಂತೆ ಗಡ್ಡೆಗಡ್ಡೆಯಾದ, ಸೊಂಟದೆತ್ತರದ ಟಾಯರು. ಸೊಂಟದೆತ್ತರ ಎಂದು ಬರೆದ ಮೇಲೆ ಅನುಮಾನವಾಗುತ್ತದೆ. ಮೊಣಕಾಲಿಗಿಂತ ಮೇಲೆ ಎಂದು ಇಟ್ಟುಕೊಳ್ಳೋಣ.

ಅಕ್ಕ ಸಂತೆಯಲ್ಲಿ ಗಡಿಗೆ ನೋಡುವಂತೆ ಒಂದೊಂದನ್ನೂ ಬೆರಳ ಗಣ್ಣಿನಿಂದ ಬಡಿದು ನೋಡಿದಳು. ಆಮೇಲೆ ಬದನೆಕಾಯಿ ಒತ್ತುವಂತೆ ಹೆಬ್ಬೆರಳಿನಿಂದ ಒತ್ತಿದಳು.

"ಎಳೀದು ಯಾವುದ್ರಿ?" ಎಂದು ಕೇಳಿದಳು.

"ಎಳೀದಂದ್ರ, ಅಕ್ಕಾರ?"

"ಮೆತ್ತಗಿಂದು. ರೊಟ್ಟಿ ಮುರೀಬಾರದು."

ಸಾಹೇಬರು ಮಾಮಾನನ್ನು ನೋಡಿದರು. ಮಾಮಾ ಹೆದ್ದಾರಿಯನ್ನು ನೋಡಿದರು. ಅಕ್ಕ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದಳು. ಸಾಹೇಬರು ಹೊಟ್ಟೆ ಹಿಡಿದು ನಕ್ಕರು. "ಯಾ ಅಲ್ಲಾ! ನಾ ಹುಟ್ಟಿದಾಗಿಂದ ಟಾಯರ್ ಮಾರಾಕತ್ತೇನ್ರಿ. ಮಂದಿ ಗಾಳಿ ನೋಡ್ತಾರ, ಗಡ್ಡಿ ನೋಡ್ತಾರ, ನಸೀಬಾ ನೋಡ್ತಾರ. ರೊಟ್ಟಿ ತಂದು ನೋಡಿದವರು ನೀವ ಮೊದಲ."

ಮೊದಲಿಗೆ ಮಾಮಾನ ಮೊಸಳೆ ಟಾಯರನ್ನೇ ಹಾಕಿಸಿದರು. ನಾನು ಬಗ್ಗಿ ನಾಲ್ಕೂ ಗಾಲಿಗಳ ಮೇಲೆ ಹಿಟ್ಟು ಮೆತ್ತಿದೆ. ಡಬ್ಬಿಯನ್ನು ಹಿಂದಿನ ಡೆಕ್ಕಿನ ಮೇಲೆ ಹೊದೆಯುವ ಕೌದಿ ಮಡಿಸಿ ಅದರ ಮೇಲಿಟ್ಟೆವು. ಸರ್ವಿಸ್ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆವು. ಗಾಡಿ ಡಾಂಬರಿನ ಮೇಲೆ ಹೋಗುವಾಗ ಜೇನುಹುಟ್ಟಿನಂತೆ ಗುಂಯ್ ಎನ್ನುತ್ತಿತ್ತು. ಮಾಮಾ ಆ ಸಪ್ಪಳಕ್ಕೆ ಮೈಮರೆತು, ತಮ್ಮನ್ನು ಯಾರಾದರೂ ಬದಿಯಿಂದ ನೋಡುತ್ತಿದ್ದಾರೆಯೇ ಎಂದು ನೋಡುತ್ತಿದ್ದರು.

ಮರಳಿ ಬಂದಾಗ ಸಾಹೇಬರು ಚಹಾ ತರಿಸಿದ್ದರು. ಮೊದಲು ಚಹಾ ಕುಡಿದೆವು. ಆಮೇಲೆ ಅಕ್ಕ ಡಬ್ಬಿ ತೆರೆದಳು. ಮೇಲಿನ ರೊಟ್ಟಿ ಇಡಿಯಾಗಿತ್ತು, ನಡುವಿನವು ಕೆಲವು ಸೀಳಿದ್ದವು.

"ಒಂದ ಅಲ್ಲ, ಎರಡ ಅಲ್ಲ, ಮೂರ" ಎಂದಳು ಅಕ್ಕ.

"ಮನಿಯಿಂದ ಬರೂ ಮುಂದ ಮುರದಿರಬೇಕು" ಎಂದರು ಮಾಮಾ.

ಸಾಹೇಬರು ಸೀಳಿದ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿಂದು ನೋಡಿದರು. "ರೊಟ್ಟಿ ಭಾರಿ ಅದಾವು. ಹಿಂಡಿ ತಂದೀರೇನ್ರಿ?" ಅಕ್ಕ ಶೇಂಗಾ ಹಿಂಡಿಯನ್ನೂ, ಅಂದರೆ ಚಟ್ನಿಪುಡಿಯನ್ನೂ, ತಂದಿದ್ದಳು. ಅವರು ಇನ್ನೊಂದು ಚೂರು ತಿಂದು, ಬಹಳ ಗಂಭೀರವಾಗಿ, "ಇದೊಂದ ಸಲದಾಗ ತಿಳಿಯೂದಲ್ರಿ, ಇನ್ನೊಂದ ಸುತ್ತ ಹೊಡದು ಬರ್ರಿ" ಎಂದರು.

ನಾನು ಹೋಗಿ ಹಿಟ್ಟು ನೋಡಿದೆ. ಬಲಬದಿಯ ಎರಡೂ ಗಾಲಿಗಳ ಮೇಲೆ ಹಿಟ್ಟೇ ಇರಲಿಲ್ಲ. ಒರೆಸಿದಂತೆ ಸ್ವಚ್ಛ. ಎಡಬದಿಯಲ್ಲಿ ಇದ್ದಂತೆಯೇ ಇತ್ತು. ನಾನು ಎದ್ದು ನಿಂತು, ತರಗತಿಯಲ್ಲಿ ಹೇಳುವ ದನಿಯಲ್ಲಿ, ಈ ಟಾಯರು ಬಲಗಡೆ ಪೂರ್ತಿ ತಾಗುತ್ತದೆ, ಆಗದು ಎಂದು ಘೋಷಿಸಿದೆ. ಮಾಮಾ ಬಗ್ಗಿ ನೋಡಿದರು. ಒಂದೇ ಮಗ್ಗುಲು ಯಾಕೆ ತಾಗುತ್ತದೆ ಎಂದು ಕೇಳಿದರು. ಮಾಮಾ ತೂಕದ ಮನುಷ್ಯ, ಡ್ರೈವರ್ ಸೀಟು ಬಲಗಡೆ. "ನಿಮ್ಮಿಂದ" ಎಂದೆ. ಮೊಸಳೆ ಟಾಯರು ಬಿಚ್ಚಿಸಿಕೊಂಡು ಗೋಡೆಗೆ ಹೋಯಿತು. ಮಾಮಾ ಅದರ ಬೆನ್ನ ಮೇಲೆ ಒಮ್ಮೆ ಕೈಯಾಡಿಸಿದರು.

ನಡು ಅಳತೆಯ ಟಾಯರು ಹಾಕಿದರು. ನಾನು ಮತ್ತೆ ಹಿಟ್ಟು ಮೆತ್ತಿ ಏಳುವಷ್ಟರಲ್ಲಿ, ಅಂಗಡಿಯ ಬಲಕ್ಕಿದ್ದ ಜಾಲಿಗಿಡದ ಕೆಳಗಿನಿಂದ ಒಂದು ಆಡು ನೆಟ್ಟಗೆ ಬಂದು, ಮುಂದಿನ ಗಾಲಿಯ ಮೇಲೆ ಎರಡು ಕಾಲಿಟ್ಟು, ತಲೆಯನ್ನು ಮಡಗಾರ್ಡಿನೊಳಗೆ ತೂರಿಸಿತು. ಅದು ತಿಂದು ಮುಗಿಸಿ, ಹಿಂದಿನ ಗಾಲಿಗೆ ನಡೆಯಿತು.

"ಅದು ಮೊದಲನೇ ಪಂಕ್ತಿಗೂ ಬಂದಿತ್ತನಸ್ತೈತಿ" ಎಂದರು ಮಾಮಾ.

ಆ ಆಡಿನ ಗಡ್ಡಕ್ಕೆ ಹಿಟ್ಟು ಮೆತ್ತಿತ್ತು ಎಂದು ನಾನು ಬಹಳ ಜನರಿಗೆ ಹೇಳಿದ್ದೇನೆ. ಈಗ ನೋಡಿದರೆ ಆ ಆಡಿಗೆ ಗಡ್ಡವಿತ್ತೇ ಎಂಬುದೇ ಖಾತ್ರಿ ಇಲ್ಲ. ಖಾತ್ರಿ ಇರುವುದು ಇಷ್ಟೇ: ಮೊಸಳೆ ಟಾಯರು ನಿಜಕ್ಕೂ ತಾಗುತ್ತಿತ್ತೋ ಇಲ್ಲವೋ ಎಂಬುದು ಯಾರಿಗೂ ತಿಳಿಯದೆ ಹೋಯಿತು. ಮತ್ತೊಮ್ಮೆ ಹಾಕಿ ನೋಡೋಣ ಎಂದು ಮಾಮಾ ಗೋಗರೆದರು. ಅಕ್ಕ ಬಿಡಲಿಲ್ಲ. "ಹಿಟ್ಟ ಆಡು ತಿಂತು, ಒಪ್ಪತೇನಿ. ರೊಟ್ಟಿ ಮುರದದ್ದು ಆಡೇನು?" ನಡು ಅಳತೆಯ ಟಾಯರಿನಲ್ಲಿ ಸುತ್ತು ಹೋಗಿ ಬಂದಾಗ ಒಂದೂ ರೊಟ್ಟಿ ಸೀಳಿರಲಿಲ್ಲ. ಸಾಹೇಬರು ಗಾಳಿಯನ್ನೂ ಸ್ವಲ್ಪ ಕಡಿಮೆ ಇಟ್ಟುಕೊಟ್ಟರು. ಈ ಸಲ ಹಿಟ್ಟನ್ನು ಹೊಸದಾಗಿ ಮೆತ್ತಿ, ಕೋಲು ಹಿಡಿದು ಕಾದಿದ್ದರಿಂದ ಅದೂ ಇದ್ದಲ್ಲೇ ಇತ್ತು. ಮಾಮಾ ಹತ್ತು ಹೆಜ್ಜೆ ದೂರ ನಿಂತು ಗಾಡಿಯನ್ನು ಬದಿಯಿಂದ ನೋಡಿದರು. ಧೋತರ ಕೆಳಗಿಳಿದಿತ್ತು. "ಅಡ್ಡಿಯಿಲ್ಲ" ಎಂದರು, ಎರಡನೆಯ ಸಂಬಂಧಕ್ಕೆ ಒಪ್ಪಿದವರಂತೆ.

ಆ ದಿನ ನಾವು ಪರೀಕ್ಷೆ ಮಾಡದ ಸಂಗತಿ ಒಂದಿತ್ತು. ಇಷ್ಟು ದೊಡ್ಡದು ನನ್ನ ಕಣ್ಣಿಗೆ ಯಾಕೆ ಬೀಳಲಿಲ್ಲ ಎಂದು ಬಹಳ ಯೋಚಿಸಿದ್ದೇನೆ. ಕಿತ್ತೂರಿನಲ್ಲಿ ಗಾಡಿಯ ಹಿಂದೆ ಇದ್ದದ್ದು ಒಂದು ಡಬ್ಬಿ. ರಾಮದುರ್ಗಕ್ಕೆ ಹೋಗುವಾಗ ಇರುವುದು ಓಣಿಯ ಹೆಂಗಸರು.

ಬುತ್ತಿಯ ದಿನ ಬೆಳಿಗ್ಗೆ ನನ್ನನ್ನೂ ಸೇರಿಸಿ ಹನ್ನೆರಡು ಜನ ಹೆಂಗಸರಾದೆವು. ಗಾಡಿ ಈಗ ಪಾಟಾದಿಂದಲೂ ಎತ್ತರ, ಟಾಯರಿನಿಂದಲೂ ಎತ್ತರ. ಚೌಕಿ ಇಟ್ಟು, ಚೌಕಿಯಿಂದ ಟಾಯರಿನ ಮೇಲೆ ಕಾಲಿಟ್ಟು ಹತ್ತಬೇಕು. ನಮ್ಮ ದೊಡ್ಡವ್ವ, ಅವ್ವನ ಅಕ್ಕ, ಕಾಲು ಎತ್ತಿ ನಿಂತು ಕೇಳಿದಳು: "ಏ ಅಳ್ಯಾ, ಬುತ್ತಿ ಒಯ್ಯಾಕ ಹೊಂಟೇವೋ, ಅಂಬಾರಿ ಹತ್ತಾಕ ಹೊಂಟೇವೋ?" ಇಬ್ಬರು ಮೇಲಿನಿಂದ ಎಳೆದು, ಇಬ್ಬರು ಕೆಳಗಿನಿಂದ ನೂಕಿ ಅವಳನ್ನು ಹತ್ತಿಸಿದೆವು.

ರೊಟ್ಟಿಯ ಬುಟ್ಟಿಯನ್ನು ಅಕ್ಕ ಕ್ಯಾಬಿನ್ನಿನಲ್ಲಿ ತನ್ನ ತೊಡೆಯ ಮೇಲೇ ಇಟ್ಟುಕೊಳ್ಳಬೇಕೆಂದಿದ್ದಳು. ಬುಟ್ಟಿ ಬಾಗಿಲಲ್ಲಿ ತೂರಲಿಲ್ಲ. ಕೊನೆಗೆ ಹಿಂದೆ, ಕೌದಿಯ ಮೇಲೆ, ದೊಡ್ಡವ್ವನ ಕಾವಲಿನಲ್ಲಿ ಇಟ್ಟಳು. "ನೂರಾ ಒಂದು ಅದಾವು" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಶುಭಕಾರ್ಯಕ್ಕೆ ಒಯ್ಯುವ ರೊಟ್ಟಿ ಬೆಸಸಂಖ್ಯೆಯಲ್ಲೇ ಇರಬೇಕು, ಸರಿಸಂಖ್ಯೆ ಆಗದು. "ನೀ ಓದಿದಾಕಿ. ನಿನ್ನ ಮ್ಯಾಲ ಬಿಟ್ಟೇನಿ" ಎಂದು ಹೇಳಿ ಮುಂದೆ ಹೋಗಿ ಕುಳಿತಳು.

ಊರು ದಾಟಿ ಮೊದಲ ಹಂಪ್ ಬಂತು. ಗಾಡಿ ಏರಿ ಇಳಿಯಿತು, ಹಿಂದಿನಿಂದ "ಘರ್ರ್" ಎಂದು ಸಪ್ಪಳ, ಜೊತೆಗೆ ಸುಟ್ಟ ರಬ್ಬರಿನ ವಾಸನೆ. ಹನ್ನೆರಡು ಜನರ ಭಾರಕ್ಕೆ ಡೆಕ್ಕು ಕುಸಿದು ಹೊಸ ಟಾಯರು ಮಡಗಾರ್ಡಿಗೆ ಉಜ್ಜಿತ್ತು. ಉಜ್ಜಿದಾಗಲೆಲ್ಲ ಇಡೀ ಡೆಕ್ಕು ಗಿರಣಿಯಂತೆ ನಡುಗುತ್ತಿತ್ತು.

ಮಾಮಾ ಕಿಟಕಿಯಿಂದ ತಲೆ ಹಾಕಿ ಕೂಗಿದರು: "ಹಂಪ್ ಬಂದಾಗ ಎಲ್ಲಾರೂ ಮುಂದ ಸರೀರಿ!"

ಅಲ್ಲಿಂದ ಅದೇ ಪದ್ಧತಿಯಾಯಿತು. ಮಾಮಾ ಹಾರ್ನು ಬಾರಿಸಿದ ಕೂಡಲೇ ಹನ್ನೆರಡೂ ಹೆಂಗಸರು ಕುಂಡಿ ಉಜ್ಜುತ್ತಾ ಮುಂದೆ ಸರಿಯುವುದು, ಹಂಪ್ ದಾಟಿದ ಮೇಲೆ ಹಿಂದೆ ಸರಿಯುವುದು. ಎದುರಿಗೆ ಎಮ್ಮೆ ಬಂದರೂ ಮಾಮಾ ಹಾರ್ನು ಬಾರಿಸುತ್ತಿದ್ದರು, ಆಗಲೂ ಸರಿಯುತ್ತಿದ್ದೆವು. "ಒನಕಿ ಹಾಡಿಗೆ ಇದ ಚಲೋ ತಾಳ" ಎಂದು ದೊಡ್ಡವ್ವ ಹಾಡು ಶುರು ಮಾಡಿದಳು.

ಸವದತ್ತಿ ದಾಟುವವರೆಗೆ ಬುಟ್ಟಿಯ ಬಟ್ಟೆ ತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ. ದಾಟಿದ ಮೇಲೆ ದೊಡ್ಡವ್ವನೇ ತೆಗೆದಳು. ಮೇಲಿನಿಂದ ನಾಲ್ಕನೆಯದೋ ಐದನೆಯದೋ ಒಂದು ರೊಟ್ಟಿ ನಡುವೆ ಸೀಳಿತ್ತು.

ಹಾಡು ನಿಂತಿತು.

"ಮುರದದ್ದು ಬುಟ್ಟ್ಯಾಗ ಇರಬಾರದು" ಎಂದಳು ದೊಡ್ಡವ್ವ.

"ಚೆಲ್ಲೂದೇನು? ಅನ್ನ ಅದು" ಎಂದಳು ಪಕ್ಕದ ಮನೆಯವಳು.

"ಚೆಲ್ಲ ಅಂತ ಯಾರ ಅಂದ್ರು?" ದೊಡ್ಡವ್ವ ಆಗಲೇ ರೊಟ್ಟಿಯನ್ನು ತುಂಡು ಮಾಡಿ ಹಂಚತೊಡಗಿದ್ದಳು. ಹಿಂಡಿಯ ಡಬ್ಬಿ ಯಾರು ತೆಗೆದರೋ ಕಾಣಲಿಲ್ಲ. ಅದು ನಾನಾಗಿರಲಾರೆ.

ತಿಂದು ಮುಗಿಸಿದ ಮೇಲೆ ಪಕ್ಕದ ಮನೆಯವಳು ಬಾಯಿಗೆ ಕೈ ಹಿಡಿದಳು. "ಈಗ ಸರಿಸಂಖ್ಯಾ ಆತಲ್ಲಬೇ! ನೂರ ಉಳದ್ವು!"

ಎಲ್ಲರೂ ನನ್ನನ್ನು ನೋಡಿದರು. ನೂರು ಸರಿಸಂಖ್ಯೆಯೇ ಎಂದು ನಾನು ಒಪ್ಪಿಕೊಳ್ಳಬೇಕಾಯಿತು. ಇನ್ನೊಂದನ್ನು ತೆಗೆದು ತಿಂದೆವು. ಅದು ಮುರಿದಿರಲಿಲ್ಲ, ತಿನ್ನಲೆಂದು ನಾವೇ ಮುರಿದೆವು.

"ಯಾವುದಕ್ಕೂ ಒಮ್ಮೆ ಎಣಸು" ಎಂದಳು ದೊಡ್ಡವ್ವ. ನಾನು ಎಣಿಸಿದೆ. ಓಡುವ ಗಾಡಿಯಲ್ಲಿ, ಹಾರ್ನು ಬಾರಿಸಿದಾಗೊಮ್ಮೆ ಮುಂದೆ ಹಿಂದೆ ಸರಿಯುತ್ತಾ, ಗರಿಗರಿ ರೊಟ್ಟಿಗಳ ಅಂಚುಗಳನ್ನು ಬೆರಳಿನಿಂದ ಎಣಿಸುವುದು ಸುಲಭದ ಕೆಲಸವಲ್ಲ. ನನ್ನ ಎಣಿಕೆಗೆ ಸರಿಸಂಖ್ಯೆ ಬಂತು. ಒಂದನ್ನು ತಿಂದೆವು. ಮತ್ತೆ ಎಣಿಸಿದೆ. ಮತ್ತೆ ಸರಿಸಂಖ್ಯೆ. ಮೂರನೆಯ ಸಲ ಎಣಿಸುವ ಮೊದಲೇ ಪಕ್ಕದ ಮನೆಯವಳು ಒಂದು ರೊಟ್ಟಿಯನ್ನು ಬಿಸಿಲಿಗೆ ಹಿಡಿದು, "ಇದು ಸೀಳ ಬಿಟ್ಟೈತಿ ನೋಡ್ರೆ" ಎಂದಳು. ನನಗೆ ಸೀಳು ಕಾಣಲಿಲ್ಲ. ಆದರೆ ಹನ್ನೊಂದು ಜನಕ್ಕೆ ಕಂಡದ್ದನ್ನು ಅಲ್ಲಗಳೆಯಲು ನಾನು ಯಾರು? ಯಾರದೋ ಬುತ್ತಿಯಿಂದ ಮೊಸರು ಬಂತು, ಯಾರದೋ ಸೆರಗಿನಿಂದ ಹಸಿ ಉಳ್ಳಾಗಡ್ಡಿ ಬಂತು. ಅಲ್ಲಿಂದ ಮುಂದೆ ಎಣಿಸಿದ್ದಕ್ಕಿಂತ ತಿಂದದ್ದೇ ಹೆಚ್ಚು.

ಕ್ಯಾಬಿನ್ನಿನ ಹಿಂದಿನ ಗಾಜನ್ನು ಅಕ್ಕ ತಟ್ಟಿದಳು. "ಏನ್ ನಡಸೀರಿ ಅಲ್ಲೆ? ಹಾಡ ಯಾಕ ನಿಂತಾವು?"

"ಹಾಡಾಕತ್ತೇವಿ!" ಎಂದು ತುಂಬಿದ ಬಾಯಿಯಲ್ಲೇ ಹನ್ನೆರಡೂ ಜನ ಕೂಗಿದೆವು.

ರಾಮದುರ್ಗದ ಬೀಗರ ಮನೆಯ ಮುಂದೆ ಗಾಡಿ ನಿಂತಾಗ ಬೀಗತಿ ಹೊಸ್ತಿಲಲ್ಲೇ ಇದ್ದರು, ಕೈಯಲ್ಲಿ ನೀರಿನ ತಂಬಿಗೆ. ಅವರ ಹಿಂದೆ ಅಕ್ಕನ ಮಗಳು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. ಬೀಗತಿ ಮೊದಲು ಗಾಲಿಗಳನ್ನು ನೋಡಿದರು. "ಏನ್ರಿ ಬೀಗರ, ಲಾರಿ ಮಾಡೀರಲ್ಲ!" ಮಾಮಾ ಆ ಒಂದು ಮಾತಿಗಾಗಿ ಗಾಡಿಯನ್ನು ಅಡ್ಡಲಾಗಿಯೇ ನಿಲ್ಲಿಸಿದ್ದರು.

ಅಕ್ಕ ಇಳಿದಳು. ಆದರೆ ಹೊಸ್ತಿಲ ಕಡೆ ಹೋಗಲಿಲ್ಲ. ಒಂದು ಕೈಯಿಂದ ಗಾಡಿಯ ಬಾಗಿಲು ಹಿಡಿದೇ ನಿಂತಳು. ದೊಡ್ಡವ್ವ ಮೇಲಿನಿಂದ ಬುಟ್ಟಿ ಕೊಟ್ಟಳು, ಬೀಗತಿ ತಂಬಿಗೆ ಕೆಳಗಿಟ್ಟು, ಕೈ ಚಾಚಿ ತೆಗೆದುಕೊಂಡು ಕಟ್ಟೆಯ ಮೇಲಿಟ್ಟು ಬಟ್ಟೆ ಸರಿಸಿದರು. ಒಂದೊಂದೇ ರೊಟ್ಟಿ ಎತ್ತಿ ನೋಡಿದರು. ನಿಧಾನವಾಗಿ, ಆಸೆ ಬಿಡದೆ, ತಳದವರೆಗೂ ನೋಡಿದರು. ತಳ ಬಹಳ ಬೇಗ ಬಂತು.

"ಒಂದೂ ಮುರದಿಲ್ಲ ಬಿಡ್ರಿ" ಎಂದರು. ಆ ದನಿಯಲ್ಲಿ ಸ್ವಲ್ಪ ನಿರಾಸೆ ಇತ್ತು ಎಂದು ನನಗೆ ಅನಿಸಿತು. ಅಕ್ಕನ ಕೈ ಗಾಡಿಯ ಬಾಗಿಲನ್ನು ಬಿಟ್ಟಿತು. ಆಮೇಲೆ ಬೀಗತಿ ಬುಟ್ಟಿಯನ್ನೂ ಗಾಡಿಯನ್ನೂ ನೋಡಿ ಕೇಳಿದರು: "ಅಲ್ರಿ, ಬುಟ್ಟಿ ಅರ್ಧಾನೂ ಇಲ್ಲಲ್ಲ. ಉಳದ ಬುಟ್ಟಿ ಹಿಂದಿನ ಗಾಡ್ಯಾಗ ಬರಾಕತ್ತಾವೇನು?"

ಅಕ್ಕ ತಿರುಗಿ ನಮ್ಮನ್ನು ನೋಡಿದಳು. ಹನ್ನೆರಡೂ ಸೀರೆಗಳ ಮೇಲೆ ಜೋಳದ ಪುಡಿ, ದೊಡ್ಡವ್ವನ ಗದ್ದದ ಮೇಲೆ ಹಿಂಡಿ. ಅವಳಿಗೆ ಎಲ್ಲವೂ ತಿಳಿಯಿತು. ನಾನು ಗಾಡಿಯಿಂದ ಇಳಿಯಲು ಚೌಕಿ ಹುಡುಕುವವಳಂತೆ ಬಗ್ಗಿದೆ.

"ಇಲ್ರಿ" ಎಂದಳು ಅಕ್ಕ, ಕಣ್ಣು ಮಿಟುಕಿಸದೆ. "ಹನ್ನೆರಡ ಬುಟ್ಟಿ ಇದ ಗಾಡ್ಯಾಗ ಅದಾವು. ಇಳಸಾಕ ಯಾರೂ ಬ್ಯಾಡ. ತಾವ ನಡಕೋತ ಬರ್ತಾವು ನೋಡ್ರಿ."

ಬೀಗತಿ ಒಂದು ಕ್ಷಣ ನಮ್ಮನ್ನು ನೋಡಿದರು. ಆಮೇಲೆ ತುಂಬಿದ ತಂಬಿಗೆ ಚೆಲ್ಲಿದಂತೆ ನಕ್ಕರು. ನಗುತ್ತಲೇ ಕೈ ಹಿಡಿದು ಅಕ್ಕನನ್ನು ಒಳಗೆ ಕರೆದರು, ಅಕ್ಕ ಹೊಸ್ತಿಲು ದಾಟಿದಳು. ಈ ಮಾತನ್ನು ಹೇಳಿದ್ದು ತಾನೇ ಎಂದು ಮಾಮಾ ಈಗ ಊರೆಲ್ಲ ಹೇಳುತ್ತಾರೆ. ನಾನು ಅಲ್ಲೇ ಇದ್ದೆ, ಹೇಳಿದ್ದು ಅಕ್ಕ. ಇದೊಂದರಲ್ಲಿ ನನಗೆ ಅನುಮಾನವಿಲ್ಲ. ಮಗಳು ಒಂದು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು, "ಹಿಂಡಿ ಎಲ್ಲೈತಿ ಅವ್ವಾ?" ಎಂದದ್ದೂ ನಿಜ. ದೊಡ್ಡವ್ವ ಸೆರಗಿನಿಂದ ಗದ್ದ ಒರೆಸಿಕೊಂಡಳು.

ಸಂಜೆ ಹೊರಡುವಾಗ ಬೀಗತಿ ನಮ್ಮ ಬುಟ್ಟಿಯನ್ನು ತುಂಬಿ ತಂದರು. ಬುತ್ತಿ ತಂದ ಬುಟ್ಟಿಯನ್ನು ಖಾಲಿ ಕಳಿಸುವ ಪದ್ಧತಿ ಇಲ್ಲ. ತುಂಬಿದ್ದು ಅವರದೇ ಮನೆಯ ಖಡಕ್ ರೊಟ್ಟಿ. "ನಮ್ಮ ರೊಟ್ಟೀನೂ ಒಂದಿಷ್ಟ ನೋಡ್ರಿ" ಎಂದರು.

ಅಕ್ಕ ಎರಡೂ ಕೈಯಿಂದ ಬುಟ್ಟಿ ತೆಗೆದುಕೊಂಡಳು. ಬರುವಾಗ ಮುಂದೆ ಕುಳಿತವಳು ಈಗ ಚೌಕಿ ಹತ್ತಿ ಹಿಂದೆ ಬಂದು ಕುಳಿತಳು. ಕೌದಿಯನ್ನು ದೊಡ್ಡವ್ವನ ಕೆಳಗೆ ಹಾಕಿ, ಬುಟ್ಟಿಯನ್ನು ಬರಿ ತಗಡಿನ ಮೇಲೆ, ಸರಿಯಾಗಿ ಹಿಂದಿನ ಗಾಲಿಯ ಮೇಲೆ ಬರುವಂತೆ ಇಟ್ಟಳು.

ಮೊದಲ ಹಂಪಿಗೆ ಮಾಮಾ ಹಾರ್ನು ಬಾರಿಸಿದರು. ನಾವು ರೂಢಿಯಂತೆ ಮುಂದೆ ಸರಿಯಹೋದೆವು.

"ಯಾರೂ ಸರೀಬ್ಯಾಡ್ರಿ" ಎಂದಳು ಅಕ್ಕ. "ಎಲ್ಲಾರೂ ಹಿಂದ ಬರ್ರಿ." ಆಮೇಲೆ ಗಾಜು ತಟ್ಟಿ ಕೂಗಿದಳು: "ಏನ್ರಿ, ಎತ್ತಿನ ಬಂಡಿ ಹೊಡದಂಗ ಹೊಡ್ಯಾಕತ್ತೀರಿ? ಜೋರ ಹೊಡೀರಿ!"

ಅಕ್ಕನೂ ಸೇರಿ ಹದಿಮೂರು ಜನ ಹಿಂದೆ ಕುಳಿತೆವು. ಘರ್ರ್ ಎಂದಿತು, ಡೆಕ್ಕು ನಡುಗಿತು, ಹಲ್ಲು ಕಟಕಟಿಸಿದವು. ಅಕ್ಕ ಬಟ್ಟೆ ಸರಿಸಿ ನೋಡಿದಳು. ಮುಚ್ಚಿದಳು. ಮುಂದಿನ ಹಂಪಿಗೆ ಮತ್ತೆ ನೋಡಿದಳು. ಸವದತ್ತಿ ಬಂತು, ಹೋಯಿತು. ದೊಡ್ಡವ್ವ ಸೊಂಟ ಹಿಡಿದುಕೊಂಡು ದೇವರನ್ನು ಕರೆಯುತ್ತಿದ್ದಳು. ಊರು ಹತ್ತಿರವಾದಾಗ ಅಕ್ಕ ಕೊನೆಯ ಸಲ ತಳದವರೆಗೂ ಕೈ ಹಾಕಿ ನೋಡಿದಳು.

ಒಂದೂ ಮುರಿದಿರಲಿಲ್ಲ.

ಅವಳು ಒಂದು ರೊಟ್ಟಿಯನ್ನು ತೆಗೆದು, ಎರಡು ಬೆರಳ ನಡುವೆ ಹಿಡಿದು ಒತ್ತಿ ನೋಡಿ, ಬುಟ್ಟಿಗೆ ಮರಳಿ ಹಾಕಿದಳು.

"ದಪ್ಪ ಬಡದಾರ" ಎಂದಳು. "ಇಷ್ಟ ದಪ್ಪ ಇದ್ರ ಹೆಂಗ ಮುರೀತಾವು?"